ಕ್ಲಿಫ್ ಅಕ್ರಾಯ್ಡ್ ಎಷ್ಟು ಸಲ ಬಿದ್ದ

ನಲವತ್ತೇಳು ವರ್ಷದ ಸಂಸಾರದಲ್ಲಿ ಡೊರೀನ್ ಅಕ್ರಾಯ್ಡ್ ತನ್ನ ಗಂಡ ಆಡಿದ ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ಥಾರ್ನ್‌ಶಾದಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ವಾರವೆಲ್ಲ ಕಲ್ಲಿದ್ದಲ ಗಣಿಯೊಳಗೆ ಬಗ್ಗಿ ದುಡಿದ ಗಂಡಸರು ಭಾನುವಾರ ಮಧ್ಯಾಹ್ನ ಹದಿಮೂರು ಹದಿಮೂರು ಜನರಾಗಿ ಎದುರುಬದುರು ನಿಂತು ರಗ್ಬಿ ಆಡುತ್ತ, ಚೆಂಡು ಹಿಡಿದವನನ್ನು ಕೆಸರಿಗೆ ಕೆಡವುವುದೇ ಆ ಊರಿನ ಹಬ್ಬ. ಹೆಂಡಂದಿರು, ಅಮ್ಮಂದಿರು ಕಬ್ಬಿಣದ ಬೇಲಿಗೆ ಒರಗಿ ನಿಂತು ಗಂಟಲು ಕಟ್ಟುವಷ್ಟು ಕೂಗುತ್ತಿದ್ದರು. ಡೊರೀನಳ ಅತ್ತೆ ಒಮ್ಮೆ ಮೈದಾನಕ್ಕೆ ನುಗ್ಗಿ ರೆಫರಿಗೆ ಕೊಡೆಯಲ್ಲಿ ಬಾರಿಸಿ ಪೇಪರಿನಲ್ಲಿ ಬಂದಿದ್ದಳು.

ಡೊರೀನ್ ಮದುವೆಯಾದ ಹೊಸದರಲ್ಲಿ ಎರಡು ಸಲ ಹೋದಳು. ಎರಡು ಸಲವೂ ಕ್ಲಿಫ್ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಮುನ್ನುಗ್ಗಿದ ಕೂಡಲೇ ತಲೆ ತಗ್ಗಿಸಿ ಕೋಟಿನ ಗುಂಡಿ ಎಣಿಸುತ್ತ ನಿಂತಳು. ಆಮೇಲೆ ಭಾನುವಾರದ ಅಡುಗೆಯ ನೆವ ಸಿಕ್ಕಿತು, ಮಗುವಿನ ನೆವ ಸಿಕ್ಕಿತು. ಅವಳ ಅಣ್ಣ ವಿಲ್ಫ್ ಹೆಪ್‌ವರ್ತ್ ಹೇಗೂ ತಂಡದ ಜೊತೆಯಲ್ಲೇ ಇರುತ್ತಿದ್ದ. ಯಾರಾದರೂ ಪೆಟ್ಟು ತಿಂದು ಬಿದ್ದರೆ ಬಕೆಟ್ಟು, ಸ್ಪಂಜು, ಮೂಗಿಗೆ ಹಿಡಿಯುವ ಘಾಟು ಉಪ್ಪಿನ ಸೀಸೆ ತಗೊಂಡು ಓಡುವವನು ಅವನು. ಆ ಕೆಲಸಕ್ಕೆ ಓದು ಬೇಕಿರಲಿಲ್ಲ, ಕಾಲಿನಲ್ಲಿ ವೇಗ ಇದ್ದರೆ ಸಾಕಿತ್ತು.

"ನೀನ್ಯಾಕೆ ಹೆದರ್ತೀಯ ಡೋರಿ, ನಾನಿದ್ದೀನಲ್ಲ. ನಿನ್ನ ಗಂಡನ್ನ ಒಂದೂ ಸ್ಕ್ರೂ ಉದುರದ ಹಾಗೆ ವಾಪಸ್ ತಂದು ಒಪ್ಪಿಸ್ತೀನಿ" ಅನ್ನುತ್ತಿದ್ದ. ಹಾಗೆಯೇ ಪ್ರತಿ ಭಾನುವಾರ ಸಂಜೆ ಕ್ಲಿಫ್‌ನನ್ನು ಬಾಗಿಲ ತನಕ ಕರೆತಂದು ಬಿಟ್ಟು ಹೋಗುತ್ತಿದ್ದ. ಮೂಗು ಮುರಿದಿರುತ್ತಿತ್ತು, ಹುಬ್ಬು ಹರಿದಿರುತ್ತಿತ್ತು, ಒಂದು ಸಲ ಕಿವಿಯ ಅರ್ಧ ತುಂಡು ನೇತಾಡುತ್ತಿತ್ತು. ಕ್ಲಿಫ್ ನಗುತ್ತಿರುತ್ತಿದ್ದ. ಹನ್ನೊಂದನೇ ನಂಬರಿನ ಅಂಗಿ ತೊಟ್ಟು ಹದಿನಾಲ್ಕು ಹಂಗಾಮು ಆಡಿದ. ಊರಿನಲ್ಲಿ ಅವನಿಗೆ 'ಗೇಟು' ಅಂತ ಹೆಸರು. ಮುಚ್ಚಿದರೆ ಯಾರೂ ದಾಟುವ ಹಾಗಿಲ್ಲ ಅಂತ.

ಗಣಿ ಮುಚ್ಚಿ ಮೂವತ್ತು ವರ್ಷವಾದ ಮೇಲೆ, ಕ್ಲಿಫ್‌ಗೆ ಅರವತ್ನಾಲ್ಕು ತುಂಬಿದ ಚಳಿಗಾಲದಲ್ಲಿ, ಅವನು ಬ್ರೆಡ್ಡು ತರಲು ಹೋಗಿ ಮುಚ್ಚಿದ ಗಣಿಯ ಗೇಟಿನ ಎದುರು ನಿಂತಿದ್ದ. ಪಾಳಿಗೆ ಹೊತ್ತಾಯಿತು, ಒಳಗೆ ಯಾಕೆ ಬಿಡುವುದಿಲ್ಲ ಅಂತ ಆ ಜಾಗದಲ್ಲಿ ಈಗ ಇದ್ದ ಕಾರ್ಪೆಟ್ ಗೋದಾಮಿನ ಕಾವಲುಗಾರನ ಹತ್ತಿರ ಜಗಳ ಆಡುತ್ತಿದ್ದ. ಡೊರೀನ್ ಹೋಗಿ ಕರೆತಂದಳು. ಆಮೇಲೆ ಒಂದೊಂದೇ ಶುರುವಾಯಿತು. ಕೆಟಲನ್ನು ಫ್ರಿಜ್‌ನಲ್ಲಿಟ್ಟ. ಮಗಳು ಅಲಿಸನ್‌ಳನ್ನು ತನ್ನ ತಂಗಿ ಅಂದ. ಜೀವನದಲ್ಲಿ ಹೆಂಡತಿ ಮೇಲೆ ಕೈ ಎತ್ತದವನು ಒಂದು ದಿನ ಸಾಕ್ಸು ಹಾಕಲು ಬಂದವಳ ಮಣಿಕಟ್ಟನ್ನು ತಿರುಚಿಬಿಟ್ಟ. ಬಿಡಿಸಿಕೊಳ್ಳಲು ಆಗಲಿಲ್ಲ, ಅವನೇ ಸುಸ್ತಾಗಿ ಬಿಟ್ಟ. "ಯಾರು ನಿನಗೆ ಹೊಡೆದದ್ದು?" ಅಂತ ಆ ಕೆಂಪಾದ ಜಾಗವನ್ನು ನೋಡಿ ಆಮೇಲೆ ಅವನೇ ಕೇಳಿದ. ಕೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

ಅವಳಿಗೆ ವಾರದಲ್ಲಿ ಉಸಿರಾಡಲು ಸಿಗುತ್ತಿದ್ದದ್ದು ಮಂಗಳವಾರದ ಮಧ್ಯಾಹ್ನ ಒಂದೇ. ಅದೂ ವಿಲ್ಫ್‌ನಿಂದ. ಗಣಿ ಕಾರ್ಮಿಕರ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ವಿಲ್ಫ್ ಹಳೆಯ ಪಂದ್ಯಗಳನ್ನು ದೊಡ್ಡ ಟಿವಿಯಲ್ಲಿ ಹಾಕುತ್ತಿದ್ದ. ಅರವತ್ತು, ಎಪ್ಪತ್ತರ ದಶಕದವು. ಕೆಲವು ಕಪ್ಪು ಬಿಳುಪು, ಕೆಲವು ಹಸಿರು ಬಣ್ಣ ಹರಡಿಹೋದ ಕಲರಿನವು. ಹತ್ತು ಹನ್ನೆರಡು ಮುದುಕರು ಬರುತ್ತಿದ್ದರು. ಮೊಣಕಾಲು ಹೋದವರು, ಎದೆಯಲ್ಲಿ ಕಲ್ಲಿದ್ದಲ ಪುಡಿ ಕಟ್ಟಿಕೊಂಡವರು, ಮರೆವು ಹಿಡಿದವರು. ಚಹಾ, ಹಂದಿ ಮಾಂಸದ ಕಡುಬು, ಎರಡು ಗಂಟೆ ಗಲಾಟೆ.

ಎಂಬತ್ತು ದಾಟಿದ ವಿಲ್ಫ್ ಒಂದೂವರೆಗೆ ಸರಿಯಾಗಿ ಬಂದು ಬಾಗಿಲು ತಟ್ಟುತ್ತಿದ್ದ. "ಎಲ್ಲಿ ನಮ್ಮ ಗೇಟು? ಏಳೋ, ಟೀಮಿನ ಬಸ್ಸು ಬಂತು!" ಕ್ಲಿಫ್ ಟೋಪಿ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದ. ಬೆಳಗಿನಿಂದ ಹೆಂಡತಿಯ ಹೆಸರು ನಾಲಗೆಗೆ ಬಾರದೆ ಒದ್ದಾಡಿದವನು, ಟಿವಿಯಲ್ಲಿ ತಂಡ ಮೈದಾನಕ್ಕೆ ಇಳಿಯುತ್ತಿದ್ದಂತೆ ಒಬ್ಬೊಬ್ಬನ ಹೆಸರನ್ನೂ ಗಟ್ಟಿಯಾಗಿ ಹೇಳುತ್ತಿದ್ದನಂತೆ.

"ನೀನೂ ಬಂದು ನೋಡು ಒಂದು ದಿನ. ಆ ಎರಡು ಗಂಟೆ ಅವನಿಗೆ ಕಾಯಿಲೆಯೇ ಇಲ್ಲ" ಅಂದ ವಿಲ್ಫ್.

"ಆ ಎರಡು ಗಂಟೆ ನನಗೂ ಇಲ್ಲ. ನೀವು ನೋಡ್ಕೊಳ್ಳಿ, ನಾನು ನಿದ್ದೆ ಮಾಡ್ತೀನಿ" ಅಂದಿದ್ದಳು ಡೊರೀನ್.

ಕ್ಲಿಫ್‌ಗೆ ಎಪ್ಪತ್ತು ತುಂಬಿದ ವರ್ಷ ಏಪ್ರಿಲ್‌ನಲ್ಲಿ ಅಲಿಸನ್ ಅಪ್ಪನನ್ನು ಲೀಡ್ಸ್‌ನ ದೊಡ್ಡ ಆಸ್ಪತ್ರೆಗೆ ತೋರಿಸಿದಳು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿಧಾನಕ್ಕೆ ಮಾತಾಡುವವಳು. ಇದು ಮಾಮೂಲಿ ಮರೆವಲ್ಲ ಅನ್ನಿಸುತ್ತದೆ, ಪದೇ ಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಮಿದುಳು ಹೀಗೆ ಸವೆಯುವುದುಂಟು, ನಾವು ಹಳೆಯ ಆಟಗಾರರ ಬಗ್ಗೆ ವಿವರ ಕಲೆಹಾಕುತ್ತಿದ್ದೇವೆ ಅಂದಳು. ನಾಲ್ಕು ಹಾಳೆಯ ಒಂದು ಫಾರಂ ಕೊಟ್ಟಳು. ಎರಡನೇ ಹಾಳೆಯಲ್ಲಿ ಕೇಳಿತ್ತು: ಆಟದಲ್ಲಿ ತಲೆಗೆ ಜೋರಾದ ಪೆಟ್ಟು ಎಷ್ಟು ಸಲ ಬಿದ್ದಿದೆ? ಪ್ರಜ್ಞೆ ತಪ್ಪಿದ್ದು ಎಷ್ಟು ಸಲ? ಅದಾದ ಮೇಲೂ ಆಟ ಮುಂದುವರಿಸಿದ್ದು ಎಷ್ಟು ಸಲ?

"ಅಂದಾಜು ಹೇಳಿದರೂ ಆದೀತು" ಅಂದಳು ಡಾಕ್ಟರಮ್ಮ.

ಅಂದಾಜು ಹೇಳಲೂ ಡೊರೀನಳಿಗೆ ಗೊತ್ತಿರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಆ ಖಾಲಿ ಚೌಕಗಳನ್ನು ನೋಡುತ್ತ ಕೂತಳು. ಹದಿನಾಲ್ಕು ವರ್ಷ ಅವನ ಅಂಗಿ ಒಗೆದವಳು ತಾನು, ಯಾವ ಅಂಗಿಯಲ್ಲಿ ಎಷ್ಟು ರಕ್ತ ಇತ್ತು ಅಂತ ಹೇಳಬಲ್ಲಳು. ಆದರೆ ಅದು ಹೇಗೆ ಬಂತು ಅಂತ ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ.

ಮುಂದಿನ ಮಂಗಳವಾರ ಅವಳೂ ಟೋಪಿ ಹಾಕಿಕೊಂಡು ಹೊರಟಳು. ವಿಲ್ಫ್‌ಗೆ ಹಿಡಿಸಲಾರದ ಖುಷಿ. "ನೋಡ್ರಪ್ಪಾ, ನಮ್ಮ ತಂಗಿಗೆ ಎಪ್ಪತ್ತರ ಹತ್ತಿರ ಬಂದಾಗ ಆಟದ ಹುಚ್ಚು ಹತ್ತಿದೆ!" ಅಂತ ಸಾರಿದ. ಮುದುಕರು ಕುರ್ಚಿ ಸರಿಸಿ ಜಾಗ ಕೊಟ್ಟರು. ಡೊರೀನ್ ಹಿಂದಿನ ಸಾಲಿನಲ್ಲಿ ಕೂತು ಕೈಚೀಲದಿಂದ ಒಂದು ಪುಟ್ಟ ನೋಟ್‌ಬುಕ್ಕು, ಪೆನ್ಸಿಲ್ಲು ತೆಗೆದಳು.

ಮೊದಲು ಅವಳಿಗೆ ಕ್ಲಿಫ್ ಸಿಗಲೇ ಇಲ್ಲ. ಕೆಸರು ಮೆತ್ತಿದ ಇಪ್ಪತ್ತಾರು ಮೈಗಳಲ್ಲಿ ಯಾವುದು ತನ್ನವನದು? ಆಮೇಲೆ ಒಬ್ಬ ಸೊಂಟಕ್ಕೆ ಕೈ ಕೊಟ್ಟು, ಎಡ ಭುಜ ಸ್ವಲ್ಪ ಇಳಿಸಿ ನಿಂತ. ಮದುವೆಗೆ ಮುಂಚೆ ಬಸ್ ಸ್ಟಾಪಿನಲ್ಲಿ ಅವಳಿಗಾಗಿ ಹಾಗೆಯೇ ನಿಂತಿರುತ್ತಿದ್ದ. ಇಪ್ಪತ್ತೈದು ವರ್ಷದ ಗಂಡು. ಅಷ್ಟರಲ್ಲಿ ಅವನು ಚೆಂಡು ಹಿಡಿದು ಓಡಿದ, ಮೂವರು ಒಟ್ಟಿಗೆ ಎರಗಿದರು, ಒಬ್ಬನ ಮೊಣಕೈ ಅವನ ದವಡೆಗೆ ಬಡಿಯಿತು. ಅವನ ತಲೆ ಬಾಗಿಲ ಚಿಲಕದ ಹಾಗೆ ಪಟಕ್ಕನೆ ಆ ಕಡೆಗೆ ತಿರುಗಿತು. ಮುಂದಿನ ಸಾಲಿನಲ್ಲಿ ಮುದುಕರು "ಆಹಾ!" ಅಂದರು. ಈಗಿನ ಎಪ್ಪತ್ತು ವರ್ಷದ ಕ್ಲಿಫ್ ತೊಡೆ ತಟ್ಟಿ ನಕ್ಕ. ಡೊರೀನ್ ಪುಸ್ತಕದಲ್ಲಿ ಒಂದು ಗೆರೆ ಎಳೆದಳು.

ಆ ಒಂದೇ ಪಂದ್ಯಕ್ಕೆ ಏಳು ಗೆರೆ ಆಯಿತು.

ಮೇ, ಜೂನ್, ಜುಲೈ. ಮಂಗಳವಾರ ಬಂತೆಂದರೆ ಡೊರೀನ್ ಹಿಂದಿನ ಸಾಲಿನಲ್ಲಿ. ಅವಳಿಗೆ ಈಗ ಆಟ ತಿಳಿಯುತ್ತಿತ್ತು. ಅದೇ ಕಷ್ಟವಾಯಿತು. ಯಾಕೆಂದರೆ ಕ್ಲಿಫ್ ಚೆನ್ನಾಗಿ ಆಡುತ್ತಿದ್ದ. ಎದುರಾಳಿಯ ಬಲವಾದ ಓಟಗಾರ ಎಲ್ಲಿ ನುಗ್ಗುತ್ತಾನೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಬೇರೆಯವರು ಪಕ್ಕಕ್ಕೆ ಸರಿಯುವಲ್ಲಿ ಅವನು ಹೋಗಿ ತಲೆ ಒಡ್ಡುತ್ತಿದ್ದ. ಚೆನ್ನಾಗಿ ಆಡಿದಷ್ಟೂ ಗೆರೆ ಹೆಚ್ಚು. ಒಂದು ದಿನ ಅವನು ಮೈದಾನದ ಅರ್ಧ ಓಡಿ ಅಂಕ ಗಳಿಸಿದಾಗ ಡೊರೀನ್ ತನಗೇ ತಿಳಿಯದೆ ಎದ್ದು ನಿಂತು ಕೂಗಿಬಿಟ್ಟಳು. ಎಲ್ಲರೂ ಹಿಂತಿರುಗಿ ನೋಡಿದರು. ಕ್ಲಿಫ್ ಕೂಡ. "ಯಾರಮ್ಮ ನೀನು? ಒಳ್ಳೆ ಗಂಟಲು!" ಅಂದ. ಮುದುಕರೆಲ್ಲ ನಕ್ಕರು, ಅವಳೂ ನಕ್ಕಳು. ಕಕ್ಕಸಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ವಿಲ್ಫ್‌ಗೆ ನೋಟ್‌ಬುಕ್ಕು ಕಣ್ಣಿಗೆ ಬಿದ್ದದ್ದು ತಡವಾಗಿ. "ಏನದು ಬರ್ಕೊಳ್ತಿರೋದು?" ಅಂತ ಕೇಳಿದ. ಫಾರಂ ವಿಷಯ ಹೇಳಿದಳು. ವಿಲ್ಫ್ ಆ ಗೆರೆಗಳನ್ನು ನೋಡಿದ. ಕೈಯಲ್ಲಿದ್ದ ಚಹಾ ಲೋಟಗಳನ್ನು ಮತ್ತೆ ಟ್ರೇಗೆ ಇಟ್ಟ.

"ಎಲ್ಲರಿಗೂ ಪೆಟ್ಟು ಬೀಳ್ತಿತ್ತು ಡೋರಿ. ಆಟವೇ ಹಾಗೆ."

"ಗೊತ್ತು. ಎಷ್ಟು ಅಂತ ಕೇಳಿದಾರೆ, ಅಷ್ಟೆ."

ಅವತ್ತಿನಿಂದ ವಿಲ್ಫ್ ಹಾಕುವ ಪಂದ್ಯಗಳಲ್ಲಿ ಕ್ಲಿಫ್ ಕಡಿಮೆಯಾದ. ಬೇರೆ ಊರಿನ ತಂಡಗಳು, ಆಸ್ಟ್ರೇಲಿಯಾದವರ ಪ್ರವಾಸ, ಕ್ಲಿಫ್ ತಂಡಕ್ಕೆ ಸೇರುವ ಮೊದಲಿನ ಫೈನಲ್ಲುಗಳು. ಡೊರೀನ್ ಗಮನಿಸಿದಳು. ಎಪ್ಪತ್ತೇಳರಲ್ಲಿ ಮಾರ್ಬೆಕ್ ತಂಡದ ಎದುರು ಆಡಿದ ಪಂದ್ಯ ಹಾಕೋ ಅಂತ ಮುದುಕರು ಎರಡು ಮೂರು ಸಲ ಗೋಗರೆದರು. ಕಪ್ ಪಂದ್ಯಾವಳಿಯ ಮೂರನೇ ಸುತ್ತು ಅದು, ಥಾರ್ನ್‌ಶಾ ಗೆದ್ದ ದೊಡ್ಡ ಪಂದ್ಯಗಳಲ್ಲಿ ಒಂದು. ಕೊನೆ ಗಳಿಗೆಯ ಅಂಕ ಕ್ಲಿಫ್‌ನದೇ. "ಆ ಡಿಸ್ಕು ಕೆಟ್ಟಿದೆ ಕಣ್ರೋ, ಓಡಲ್ಲ" ಅಂದ ವಿಲ್ಫ್.

ಅಲಿಸನ್ ಅಭಿಮಾನಿಗಳ ಸಂಘಕ್ಕೆ ಕಾಗದ ಬರೆದು ಅದೇ ಪಂದ್ಯದ ಇನ್ನೊಂದು ಪ್ರತಿ ತರಿಸಿದಳು. ಸೆಪ್ಟೆಂಬರಿನ ಒಂದು ಮಂಗಳವಾರ ಡೊರೀನ್ ತಲೆನೋವು ಅಂತ ಹೇಳಿ ಗಂಡನನ್ನು ಅಣ್ಣನ ಜೊತೆ ಕಳಿಸಿ, ಮುಂಬಾಗಿಲು ಹಾಕಿಕೊಂಡು, ಮನೆಯ ಟಿವಿಯಲ್ಲಿ ಆ ಪಂದ್ಯ ಹಾಕಿದಳು. ಹೊರಗೆ ಒಳ್ಳೆ ಬಿಸಿಲಿತ್ತು. ಪರದೆ ಎಳೆಯಬೇಕಾಯಿತು.

ಪಂದ್ಯ ಮುಗಿಯಲು ಇಪ್ಪತ್ತು ನಿಮಿಷ ಇದ್ದಾಗ ಅದು ನಡೆಯಿತು. ಮಾರ್ಬೆಕ್‌ನ ದಪ್ಪ ಆಟಗಾರನೊಬ್ಬನನ್ನು ಕೆಡವಲು ಕ್ಲಿಫ್ ತಲೆ ತಗ್ಗಿಸಿ ನುಗ್ಗಿದ. ಅವನ ಮೊಣಕಾಲು ಕ್ಲಿಫ್‌ನ ಕಪಾಳಕ್ಕೆ ನೇರವಾಗಿ ಬಡಿಯಿತು. ಕ್ಲಿಫ್ ಬಿದ್ದ. ಬಿದ್ದವನು ಎದ್ದೇಳಲು ಕೈ ಕೂಡ ಊರಲಿಲ್ಲ. ಬಲಗೈ ಮಾತ್ರ ಆಕಾಶಕ್ಕೆ ಎತ್ತಿಕೊಂಡು, ಬೆರಳು ಸೆಟೆದು, ಹಾಗೆಯೇ ನಿಂತಿತು. ಆಟ ಅವನನ್ನು ದಾಟಿ ಮುಂದೆ ಹೋಯಿತು. ಟಿವಿ ಪರದೆಯ ಅಂಚಿನಿಂದ ಬಕೆಟ್ಟು ಹಿಡಿದ ಒಬ್ಬ ಸಣ್ಣ ಆಳು ಓಡಿ ಬಂದ. ವಿಲ್ಫ್. ನಲವತ್ತು ವರ್ಷದ ವಿಲ್ಫ್, ತಲೆ ತುಂಬ ಕೂದಲು.

ವಿಲ್ಫ್ ಮತ್ತು ತಂಡದ ಇನ್ನೊಬ್ಬರು ಸೇರಿ ಕ್ಲಿಫ್‌ನನ್ನು ಗೆರೆಯಾಚೆಗೆ ಎಳೆದು ತಂದರು. ಕ್ಯಾಮರಾ ಆಟದ ಕಡೆಗೆ ಹೋಯಿತು. ಬದಲಿ ಆಟಗಾರರು ಇಬ್ಬರೂ ಆಗಲೇ ಇಳಿದಾಗಿದೆ, ಥಾರ್ನ್‌ಶಾಕ್ಕೆ ಈಗ ಹನ್ನೆರಡೇ ಜನ, ಎಂಟು-ಒಂಬತ್ತು ಅಂಕದಲ್ಲಿ ಹಿಂದಿದ್ದಾರೆ ಅಂತ ವಿವರಣೆ ಹೇಳುವವನು ಹೇಳಿದ. ಎಂಟು ನಿಮಿಷ ಆದ ಮೇಲೆ ಕ್ಯಾಮರಾ ಮತ್ತೆ ಗೆರೆಯ ಹತ್ತಿರ ಬಂತು. ಕ್ಲಿಫ್ ಕೂತಿದ್ದ. ವಿಲ್ಫ್ ಅವನ ಮುಖದ ಮುಂದೆ ಬೆರಳು ಹಿಡಿದಿದ್ದ. ಕ್ಲಿಫ್ ಏನೋ ಅಂದ. ವಿಲ್ಫ್ ಕೈ ಇಳಿಸಿ, ಹಿಂದೆ ತಿರುಗಿ ಬೆಂಚಿನ ಕಡೆಗೆ ಹೆಬ್ಬೆರಳು ಎತ್ತಿ ತೋರಿಸಿದ. ಕ್ಲಿಫ್ ಎದ್ದು, ಮೊದಲು ತಪ್ಪು ದಿಕ್ಕಿಗೆ ನಾಲ್ಕು ಹೆಜ್ಜೆ ನಡೆದ. ವಿಲ್ಫ್ ಅವನ ಭುಜ ಹಿಡಿದು ಮೈದಾನದ ಕಡೆಗೆ ತಿರುಗಿಸಿ, ಬೆನ್ನಿಗೆ ಒಂದು ತಟ್ಟು ಕೊಟ್ಟು ಕಳಿಸಿದ. ಜನ ಹುಚ್ಚೆದ್ದು ಕೂಗಿದರು.

ಡೊರೀನ್ ಆ ಜಾಗವನ್ನು ಮತ್ತೆ ನೋಡಿದಳು. ಮತ್ತೆ ನೋಡಿದಳು. ಪೆನ್ಸಿಲ್ಲು ತೊಡೆಯ ಮೇಲೆಯೇ ಇತ್ತು.

ಆ ಭಾನುವಾರ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು. ಅಲಿಸನ್ ನಾಲ್ಕು ತಿಂಗಳ ಕೂಸು. ಕ್ಲಿಫ್ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ತೊಟ್ಟಿಲ ಕಡೆಗೆ ನೋಡಿ, "ಯಾರದು ಈ ಮಗು?" ಅಂದಿದ್ದ. ಆಮೇಲೆ ಸಿಂಕಿನಲ್ಲಿ ವಾಂತಿ ಮಾಡಿಕೊಂಡ. ಗೆದ್ದ ಖುಷಿಗೆ ಕಂಠಮಟ್ಟ ಕುಡಿದು ಬಂದಿದ್ದಾನೆ ಅಂದುಕೊಂಡು ಅವಳು ಬಾಯಿಗೆ ಬಂದ ಹಾಗೆ ಬೈದಿದ್ದಳು. ಎರಡು ದಿನ ಮಾತು ಬಿಟ್ಟಿದ್ದಳು. ಅವನು ಆ ಎರಡು ದಿನವೂ ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದ. ಅವನ ಬಾಯಲ್ಲಿ ಬಿಯರಿನ ವಾಸನೆ ಇತ್ತೇ? ಇರಲಿಲ್ಲ. ಅದು ಅವಳಿಗೆ ಆಗಲೂ ಗೊತ್ತಿತ್ತು. ಮೂಗಿಗೆ ಗೊತ್ತಿದ್ದದ್ದನ್ನು ಸಿಟ್ಟು ಒಪ್ಪಲಿಲ್ಲ.

ಮರುದಿನ ನೆರೆಯವಳನ್ನು ಕ್ಲಿಫ್ ಹತ್ತಿರ ಕೂರಿಸಿ ವಿಲ್ಫ್‌ನ ತೋಟಕ್ಕೆ ಹೋದಳು. ರೈಲು ಹಳಿಯ ಪಕ್ಕ ಪುರಸಭೆ ಕೊಟ್ಟ ಒಂದು ತುಂಡು ನೆಲ ಅದು; ವಿಲ್ಫ್ ಅಲ್ಲಿ ಈರುಳ್ಳಿ, ರೂಬಾರ್ಬ್ ಅನ್ನುವ ಹುಳಿ ದಂಟು ಬೆಳೆಯುತ್ತಿದ್ದ. ಮೊಣಕಾಲ ಕೆಳಗೆ ಗೋಣಿ ಹಾಕಿಕೊಂಡು ಕೂತಿದ್ದವನು ಅವಳ ಮುಖ ನೋಡಿದ್ದೇ, ಕೈಯಲ್ಲಿದ್ದ ಕುರ್ಪಿಯನ್ನು ನೆಲಕ್ಕೆ ಚುಚ್ಚಿದ.

"ಸಿಕ್ಕಿತಾ ನಿನಗೆ?"

"ಸಿಕ್ಕಿತು. ಕೆಟ್ಟಿರಲಿಲ್ಲ."

ವಿಲ್ಫ್ ಏಳಲು ನೋಡಿದ, ಆಗಲಿಲ್ಲ. ಅವಳು ಕೈ ಕೊಡಲಿಲ್ಲ. ಅವನು ಗೋಣಿಯ ಮೇಲೆಯೇ ಕೂತ.

"ಎಷ್ಟು ಬೆರಳು ತೋರಿಸಿದೆ ಅವತ್ತು?" ಅಂದಳು.

"ಎರಡು."

"ಅವನು ಎಷ್ಟು ಅಂದ?"

ವಿಲ್ಫ್ ಹಳಿಯ ಕಡೆಗೆ ನೋಡಿದ. "ಮಂಗಳವಾರ ಅಂದ."

ಡೊರೀನಳಿಗೆ ಅರ್ಥವಾಗಲಿಲ್ಲ. "ಏನು?"

"ಎಷ್ಟು ಬೆರಳು ಅಂತ ಕೇಳಿದ್ರೆ ಮಂಗಳವಾರ ಅಂದ. ಅಷ್ಟೊತ್ತಿಗೆ ಕೋಚ್ ಬೆಂಚಿಂದ ಕೂಗ್ತಿದ್ದ, ಸರಿ ಇದಾನೇನೋ, ಸರಿ ಇದಾನೇನೋ ಅಂತ. ಐದು ಸಾವಿರ ಜನ ಕೂಗ್ತಿದ್ರು. ನಾನು ಸರಿ ಇದಾನೆ ಅಂತ ಕೈ ತೋರಿಸಿದೆ."

"ಯಾಕೆ?"

"ಗೆಲ್ಲಬೇಕಿತ್ತು ಕಣೇ." ಅವನು ಕೈಗೆ ಮೆತ್ತಿದ ಮಣ್ಣನ್ನು ಗೋಣಿಗೆ ಒರೆಸಿಕೊಂಡ. "ಬೇರೆ ಕಾರಣ ಹುಡುಕಿ ಹುಡುಕಿ ಸಾಕಾಗಿದೆ. ಅವನೇ ಹೋಗ್ತೀನಿ ಅಂದ ಅಂತ ಹೇಳಬಹುದು. ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂತ ಹೇಳಬಹುದು. ಮಂಗಳವಾರ ಅಂದವನು ಸರಿ ಇಲ್ಲ ಅಂತ ತಿಳ್ಕೊಳ್ಳೋಕೆ ಡಾಕ್ಟರ್ ಆಗಬೇಕಾ? ಗೊತ್ತಿತ್ತು ನನಗೆ."

"ಅವನು ಮನೆಗೆ ಬಂದು ಮಗುವನ್ನ ಯಾರದು ಅಂತ ಕೇಳಿದ" ಅಂದಳು ಡೊರೀನ್. "ನಾನು ಕುಡಿದಿದ್ದಾನೆ ಅಂತ ಬೈದೆ. ನೀನು ಬಾಗಿಲ ತನಕ ಬಂದವನು ಒಂದು ಮಾತು ಹೇಳಲಿಲ್ಲ."

"ಹೇಳಲಿಲ್ಲ."

"ನಲವತ್ತು ವರ್ಷ."

"ಹೂಂ."

ಒಂದು ಸರಕು ರೈಲು ಹೋಯಿತು. ಅದು ದಾಟುವ ತನಕ ಇಬ್ಬರೂ ಕಾಯಬೇಕಾಯಿತು. ಆಮೇಲೆ ಅವಳು ಅಂದಳು, "ಡಾಕ್ಟರಮ್ಮನ ಹತ್ತಿರ ನೀನೇ ಬಂದು ಹೇಳು. ನನಗೆ ಆ ಮಾತು ಬಾಯಲ್ಲಿ ಬರಲ್ಲ."

ವಿಲ್ಫ್ ಬಂದ. ತಂಡದ ಲಾಂಛನ ಇದ್ದ ಹಳೆಯ ಕೋಟು ಹಾಕಿಕೊಂಡು, ಟೈ ಕಟ್ಟಿಕೊಂಡು, ಕೋರ್ಟಿಗೆ ಹೋಗುವವನ ಹಾಗೆ ಬಂದ. ಡಾಕ್ಟರಮ್ಮನ ಮುಂದೆ ನಿಂತೇ ಹೇಳಿದ. ಕೂರಿ ಅಂದರೂ ಕೂರಲಿಲ್ಲ. ಅದೊಂದೇ ಅಲ್ಲ, ಹಾಗೆಯೇ ನಡೆದ ಇನ್ನೂ ಐದು ಸಲದ್ದನ್ನು ಹೇಳಿದ. ಯಾವ ವರ್ಷ, ಯಾರ ಎದುರು, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಎಲ್ಲ. ಒಂದನ್ನೂ ಮರೆತಿರಲಿಲ್ಲ. ಡಾಕ್ಟರಮ್ಮ ಬರೆದುಕೊಂಡಳು. ಕೊನೆಗೆ ತಲೆ ಎತ್ತಿ, "ತುಂಬ ಉಪಕಾರವಾಯಿತು ಮಿಸ್ಟರ್ ಹೆಪ್‌ವರ್ತ್. ಇಷ್ಟು ವಿವರವಾಗಿ ಯಾರೂ ಹೇಳುವುದಿಲ್ಲ" ಅಂದಳು.

ವಿಲ್ಫ್ ಇನ್ನೂ ನಿಂತೇ ಇದ್ದ. ಇನ್ನೇನೋ ಬರುತ್ತದೆ ಅಂತ ಕಾಯುತ್ತಿದ್ದ. ಏನೂ ಬರಲಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ, "ಬೈತಾಳೆ ಅಂದ್ಕೊಂಡಿದ್ದೆ" ಅಂದ. ಬಸ್ಸಿನಲ್ಲಿ ಅವರು ಒಂದೇ ಸೀಟಿನಲ್ಲಿ ಕೂತರು, ಯಾಕೆಂದರೆ ಬೇರೆ ಜಾಗ ಇರಲಿಲ್ಲ.

ಫಾರಂನ ಚೌಕಗಳು ತುಂಬಿದವು. ಅಲಿಸನ್ ಆಮೇಲೆ ತರಿಸಿಕೊಟ್ಟವೂ ಸೇರಿ ನೋಡಲು ಸಿಕ್ಕಿದ್ದು ಮೂವತ್ತೊಂದು ಪಂದ್ಯ. ಕ್ಲಿಫ್ ಆಡಿದ್ದು ಮುನ್ನೂರು ಚಿಲ್ಲರೆ. ಡೊರೀನಳ ಪುಸ್ತಕದಲ್ಲಿ ನೂರಾ ಎಂಬತ್ತಾರು ಗೆರೆ ಇತ್ತು. ಅಲಿಸನ್ ಅದನ್ನು ಪಂದ್ಯಗಳ ಲೆಕ್ಕಕ್ಕೆ ಗುಣಿಸಿ ನೋಡಲು ಹೊರಟಳು. "ಬೇಡ, ಗುಣಿಸಬೇಡ" ಅಂದಳು ಡೊರೀನ್.

ಅದಾದ ಮೇಲೆ ವಿಲ್ಫ್ ಮಂಗಳವಾರ ನಿಲ್ಲಿಸಿಬಿಟ್ಟ. ಮೊಣಕಾಲು ನೋವು ಅಂತ ಕ್ಲಬ್ಬಿಗೆ ಹೇಳಿಕಳಿಸಿದ. ಬೇರೆ ಯಾರಿಗೂ ಆ ಡಿಸ್ಕಿನ ಯಂತ್ರ ನಡೆಸಲು ಬರುತ್ತಿರಲಿಲ್ಲ, ಉತ್ಸಾಹವೂ ಇರಲಿಲ್ಲ. ಹಿಂದಿನ ಕೋಣೆಗೆ ಬೀಗ ಬಿತ್ತು. ಆದರೆ ಕ್ಲಿಫ್‌ಗೆ ಇದನ್ನು ತಿಳಿಸುವುದು ಹೇಗೆ? ತಿಂಗಳು, ವರ್ಷ, ಮಗಳು ಎಲ್ಲ ಮರೆತವನಿಗೆ ಮಂಗಳವಾರ ಮಾತ್ರ ಮೈಯಲ್ಲಿ ಕೂತಿತ್ತು. ಒಂದೂವರೆಗೆ ಟೋಪಿ ಹಾಕಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದ. ಎರಡು, ಎರಡೂವರೆ, ಮೂರು. ಡೊರೀನ್ ಮನೆಯಲ್ಲೇ ಪಂದ್ಯ ಹಾಕಿ ಕರೆದರೆ ಬರುತ್ತಿರಲಿಲ್ಲ. "ಬಸ್ಸು ಬಂದಿಲ್ಲ" ಅನ್ನುತ್ತಿದ್ದ. ನಾಲ್ಕನೇ ವಾರ ನಿಂತು ನಿಂತು ಕಾಲು ಸೋತು ಅಲ್ಲೇ ಕುಸಿದ.

ಅವಳು ಅವನನ್ನು ಕುರ್ಚಿಗೆ ಏರಿಸಿ, ವಿಲ್ಫ್‌ಗೆ ಫೋನು ಮಾಡಿದಳು. ತೋಟದಲ್ಲಿ ಮಾತಾಡಿದ ಮೇಲೆ ಅವಳೇ ಮಾಡಿದ ಮೊದಲ ಫೋನು.

"ಬಾ. ಬಂದು ಬಾಗಿಲು ತಟ್ಟು. ನನಗೋಸ್ಕರ ಅಲ್ಲ."

ಮುಂದಿನ ಮಂಗಳವಾರ ವಿಲ್ಫ್ ಬಂದು ತಟ್ಟಿದ. "ಏಳೋ ಗೇಟು, ಬಸ್ಸು ಬಂತು." ದನಿ ಸಣ್ಣಗಿತ್ತು. ಕ್ಲಿಫ್ ಅವನ ತೋಳು ಹಿಡಿದು ಮುಂಬಾಗಿಲಿಂದ ಹೊರಗೆ ಹೋಗಿ, ಬೀದಿಯಲ್ಲಿ ಒಂದು ಸುತ್ತು ಹಾಕಿ, ಹಿಂಬಾಗಿಲಿಂದ ಒಳಗೆ ಬಂದು ಟಿವಿ ಮುಂದೆ ಕೂತ. ಅಷ್ಟರಲ್ಲಿ ಡೊರೀನ್ ಅರವತ್ತೊಂಬತ್ತರ ಒಂದು ಪಂದ್ಯ ಹಾಕಿದ್ದಳು. ಅಣ್ಣ ತಂಗಿ ಕ್ಲಿಫ್‌ನ ಆಚೆ ಈಚೆ ಕೂತರು. ಚಳಿಗಾಲವೆಲ್ಲ ಹೀಗೆಯೇ ನಡೆಯಿತು. ಅವರಿಬ್ಬರ ನಡುವೆ ಸಕ್ಕರೆ ಬೇಕಾ, ಕಿಟಕಿ ಹಾಕಲಾ ಅನ್ನುವುದು ಬಿಟ್ಟು ಹೆಚ್ಚಿನ ಮಾತಿರಲಿಲ್ಲ. ಡೊರೀನ್ ಈಗ ಗೆರೆ ಎಳೆಯುತ್ತಿರಲಿಲ್ಲ. ಆದರೆ ಎಣಿಸುವುದು ನಿಲ್ಲಲಿಲ್ಲ, ತುಟಿ ತಾನಾಗಿ ಅಲುಗುತ್ತಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಪಂದ್ಯ ನಡೆಯುತ್ತಿದ್ದಾಗ ಕ್ಲಿಫ್ ತಟಕ್ಕನೆ ವಿಲ್ಫ್‌ನ ಕಡೆಗೆ ತಿರುಗಿದ. ಅಂಗಿಯ ತೋಳು ಮಡಚಿಕೊಂಡ.

"ವಿಲ್ಫ್, ನಾನು ಸರಿ ಇದ್ದೀನಾ? ಒಳಗೆ ಹೋಗಲಾ?"

ವಿಲ್ಫ್ ಡೊರೀನಳ ಕಡೆಗೆ ನೋಡಿದ. ಕೈಯಲ್ಲಿದ್ದ ಲೋಟದ ಚಹಾ ತಟ್ಟೆಗೆ ಚೆಲ್ಲಿತು. ಕ್ಲಿಫ್ ಕಾಯುತ್ತಿದ್ದ, ತಂಡದ ಹುಡುಗನ ಹಾಗೆ, ಅಪ್ಪಣೆಗೆ. ಡೊರೀನ್ ಎದ್ದು ಗಂಡನ ಹೆಗಲ ಮೇಲೆ ಕೈಯಿಟ್ಟಳು.

"ಇವತ್ತು ಸಾಕು. ಕೂತ್ಕೋ. ಆ ಹುಡುಗರೇ ಆಡ್ಕೊಳ್ಳಲಿ."

"ಸೋತುಬಿಟ್ರೆ?"

"ಸೋಲಲಿ ಬಿಡು."

ಕ್ಲಿಫ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಮುಖ ಗಂಟಿಕ್ಕಿಕೊಂಡು ಕೂತ, ಆಮೇಲೆ ಯಾಕೆ ಸಿಟ್ಟು ಬಂದಿತ್ತು ಅನ್ನುವುದೇ ಮರೆತ.

ಏಪ್ರಿಲ್ ಹೊತ್ತಿಗೆ ನುಂಗುವುದು ಕಷ್ಟವಾಯಿತು. ಮೇ ಎರಡನೇ ವಾರ, ಆಸ್ಪತ್ರೆಯಲ್ಲಿ, ಅಲಿಸನ್ ಒಂದು ಕಡೆ, ಡೊರೀನ್ ಒಂದು ಕಡೆ ಇದ್ದಾಗ, ಬೆಳಿಗ್ಗೆ ಹತ್ತು ಗಂಟೆಗೆ ಕ್ಲಿಫ್ ಅಕ್ರಾಯ್ಡ್ ತೀರಿಕೊಂಡ. ಮಿದುಳನ್ನು ಪರೀಕ್ಷೆಗೆ ಕೊಡುವ ಕಾಗದಕ್ಕೆ ಡೊರೀನ್ ಸಹಿ ಹಾಕಿದಳು. ಮನೆಗೆ ಬಂದು ಅವನ ಟೋಪಿಯನ್ನು ಮೊಳೆಯಿಂದ ತೆಗೆದು, ಮತ್ತೆ ಅಲ್ಲಿಯೇ ತೂಗುಹಾಕಿದಳು.

ಹೆಣ ಮಣ್ಣಿಗೆ ಕೊಟ್ಟ ಮೇಲೆ ಕ್ಲಬ್ಬಿನಲ್ಲಿ ಚಹಾ ಇಟ್ಟಿದ್ದರು. ಊರಿಗೆ ಊರೇ ಬಂದಿತ್ತು. ಹ್ಯಾಮ್ ಸ್ಯಾಂಡ್‌ವಿಚ್ಚು, ಕಡುಬು, ಬಿಯರು. ತಂಡದ ಹೊಸ ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಡೊರೀನಳ ಕೈ ಹಿಡಿದುಕೊಂಡು, "ನಿಮಗೆ ಗೊತ್ತಿಲ್ಲದ ಹಾಗೆ ಒಂದು ಏರ್ಪಾಟು ಮಾಡಿದ್ದೀವಿ" ಅಂದ. ಗೋಡೆಯ ಮೇಲೆ ಬಿಳಿ ಪರದೆ ಇಳಿಯಿತು. ಎಪ್ಪತ್ತೇಳು, ಮಾರ್ಬೆಕ್, ಕೊನೆಯ ಹನ್ನೆರಡು ನಿಮಿಷ.

ಪರದೆಯ ಮೇಲೆ ಕ್ಲಿಫ್ ಎದ್ದು ತಪ್ಪು ದಿಕ್ಕಿಗೆ ಹೆಜ್ಜೆ ಹಾಕಿದ. ಸಭೆಯಲ್ಲಿ ಪ್ರೀತಿಯ ನಗು ಎದ್ದಿತು. ಅವನು ತಿರುಗಿ ಮೈದಾನಕ್ಕೆ ಇಳಿದ. ಚಪ್ಪಾಳೆ ಬಿತ್ತು. "ಅದು ಗಂಡು ಅಂದ್ರೆ! ಈಗಿನವರು ಮೂಗು ಕೆರೆದ್ರೆ ಸ್ಟ್ರೆಚರ್ ತರಿಸ್ತಾರೆ" ಅಂತ ಯಾರೋ ಹಿಂದಿನಿಂದ ಕೂಗಿದರು. ಕ್ಲಿಫ್ ಚೆಂಡು ಹಿಡಿದ, ಇಬ್ಬರನ್ನು ಮೈಮೇಲೆ ಹೊತ್ತುಕೊಂಡೇ ಗೆರೆ ದಾಟಿ ಬಿದ್ದ. ಹನ್ನೊಂದು ಒಂಬತ್ತು. ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಮೇಜು ಗುದ್ದಿದರು. ಅಲಿಸನ್ ಅಮ್ಮನ ಕೈ ಬಿಗಿಯಾಗಿ ಹಿಡಿದಿದ್ದಳು. ಎಲ್ಲರೂ ಡೊರೀನಳ ಮುಖ ನೋಡುತ್ತಿದ್ದರು, ಅವಳು ಹೆಮ್ಮೆಪಡಲಿ ಅಂತ. ಅವಳು ತಲೆ ಆಡಿಸಿದಳು. ಒಳ್ಳೆಯ ಮನಸ್ಸಿನಿಂದ ಮಾಡಿದವರಿಗೆ ಇನ್ನೇನು ಹೇಳುವುದು?

ವಿಲ್ಫ್ ಕೂತಿದ್ದ ಕುರ್ಚಿ ಖಾಲಿಯಿತ್ತು. ಅವನ ಕೋಟು ಮಾತ್ರ ಬೆನ್ನಿಗೆ ನೇತಾಡುತ್ತಿತ್ತು.

ಡೊರೀನ್ ಆ ಕೋಟು ತಗೊಂಡು ಹೊರಗೆ ಹೋದಳು. ಮಳೆ ಹನಿಯುತ್ತಿತ್ತು. ವಿಲ್ಫ್ ಕಾರುಗಳ ನಡುವೆ, ಗೋಡೆಗೆ ಒಂದು ಕೈ ಊರಿಕೊಂಡು, ಅಂಗಿಯಲ್ಲೇ ನಿಂತಿದ್ದ. ಅವಳು ಕೋಟನ್ನು ಬಿಡಿಸಿ ಹಿಡಿದಳು. ಅವನು ಒಂದು ತೋಳು ತೂರಿಸಿದ, ಇನ್ನೊಂದು ತೋಳು ಎಲ್ಲಿ ಅಂತ ತಿಳಿಯದೆ ತಡಕಾಡಿದ, ಅವಳು ದಾರಿ ತೋರಿಸಿದಳು.

"ಟ್ಯಾಕ್ಸಿಗೆ ಹೇಳಿದ್ದೀಯಾ?" ಅಂದಳು.

"ಹೇಳಿದೆ. ಹತ್ತು ನಿಮಿಷ ಅಂದ."

ಒಳಗೆ ಮತ್ತೊಮ್ಮೆ ಚಪ್ಪಾಳೆ ಕೇಳಿಸಿತು. ಯಾರೋ ಅದನ್ನೇ ಇನ್ನೊಂದು ಸಲ ಹಾಕಿಸಿದ್ದರು. ಡೊರೀನ್ ಅಣ್ಣನ ಪಕ್ಕ ಗೋಡೆಗೆ ಒರಗಿ, ರಸ್ತೆಯ ಕಡೆಗೆ ನೋಡುತ್ತ ನಿಂತಳು.